ಸರ್ಕಾರಿ ಅಂಕಿ-ಅಂಶಗಳ ಅಂತರಜಾಲ ಪ್ರಕಟಣೆ: ಉದ್ಯಮಿ ಕೇಳಬೇಕಾದ ನಾಲ್ಕು ಪ್ರಶ್ನೆಗಳು

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ ಮತ್ತು ಚಿಂಚೋಳಿ ಭಾಗದ ವ್ಯಾಪಾರ-ಉದ್ದಿಮೆಗಳು ಮುಖ್ಯವಾಗಿ ತೊಗರಿ, ಫರ್ಸಿ ಕಲ್ಲು ಮತ್ತು ಸಿಮೆಂಟನ್ನು ಅವಲಂಬಿಸಿವೆ. ತೊಗರಿಯು ರೈತನ ಕಣದಿಂದ ಅಡತಿ ಅಂಗಡಿಗೆ, ಅಲ್ಲಿಂದ ದಾಲ್‌ಮಿಲ್ಲಿಗೆ ಸಾಗುತ್ತದೆ. ಫರ್ಸಿಯು ಗಣಿಯಿಂದ ಪಾಲಿಶ್ ಘಟಕಕ್ಕೆ ಬರುತ್ತದೆ. ಸಿಮೆಂಟ್ ಕಾರ್ಖಾನೆಗಳ ಸುತ್ತ ಲಾರಿ ಸಾಗಣೆ, ಚೀಲ, ಬಿಡಿಭಾಗ, ದುರಸ್ತಿ ಮುಂತಾದ ನೂರಾರು ಸಣ್ಣ ವ್ಯವಹಾರಗಳು ಬೆಳೆದಿವೆ. ಈ ಪ್ರತಿಯೊಂದು ವ್ಯವಹಾರದಲ್ಲಿಯೂ ಸಂಖ್ಯೆಯನ್ನು ಆಧರಿಸಿ ನಿರ್ಧಾರ ಕೈಗೊಳ್ಳಬೇಕಾದ ಸಂದರ್ಭ ಬಂದೇ ಬರುತ್ತದೆ. ಸುಗ್ಗಿಯಲ್ಲಿ ಎಷ್ಟು ತೊಗರಿ ಹಿಡಿದಿಡಬೇಕು? ಎರಡು ವರ್ಷದ ಗುತ್ತಿಗೆಗೆ ಯಾವ ದರ ನಮೂದಿಸಬೇಕು? ಕಾರ್ಮಿಕರ ತುಟ್ಟಿಭತ್ಯೆಯನ್ನು ಹೇಗೆ ಲೆಕ್ಕ ಹಾಕಬೇಕು? ಬ್ಯಾಂಕಿಗೆ ಸಲ್ಲಿಸುವ ಯೋಜನಾ ವರದಿಯಲ್ಲಿ ಬೇಡಿಕೆಯ ಅಂದಾಜನ್ನು ಯಾವ ಆಧಾರದ ಮೇಲೆ ಬರೆಯಬೇಕು?

ಇಂತಹ ಪ್ರಶ್ನೆಗಳಿಗೆ ಬೇಕಾದ ಅಂಕಿ-ಅಂಶಗಳಲ್ಲಿ ಬಹುಪಾಲು ಇಂದು ಅಂತರಜಾಲದಲ್ಲಿ ಉಚಿತವಾಗಿ ದೊರೆಯುತ್ತವೆ. ಆದರೂ ಅನೇಕ ವ್ಯಾಪಾರಸ್ಥರು ಗಂಜಿನ ಮಾತನ್ನೇ ಹೆಚ್ಚು ನಂಬುತ್ತಾರೆ. ಇದಕ್ಕೆ ವ್ಯಾಪಾರಿಯ ಉದಾಸೀನವೊಂದೇ ಕಾರಣವಲ್ಲ. ಒಂದು ಸಂಖ್ಯೆಯನ್ನು ಪ್ರಕಟಿಸುವುದು ಬೇರೆ, ಅದನ್ನು ಬಳಸಲು ಯೋಗ್ಯವಾಗುವಂತೆ ಹಂಚುವುದು ಬೇರೆ. ಯಾವ ಪ್ರದೇಶದ್ದು, ಯಾವ ಆಧಾರ ವರ್ಷದ್ದು, ಯಾವ ಅವಧಿಯದು, ತಾತ್ಕಾಲಿಕವೋ ಅಂತಿಮವೋ ಎಂಬ ನಾಲ್ಕು ವಿವರಗಳು ಜೊತೆಗಿಲ್ಲದ ಸಂಖ್ಯೆಯು ದಾರಿ ತಪ್ಪಿಸುವ ಸಾಧ್ಯತೆಯೇ ಹೆಚ್ಚು. ಈ ನಾಲ್ಕು ಪ್ರಶ್ನೆಗಳನ್ನು ಕೇಳುವ ಅಭ್ಯಾಸ ಉದ್ಯಮಿಗೆ ಇರಬೇಕು. ಅಂತೆಯೇ, ಕೇಳುವ ಮೊದಲೇ ಉತ್ತರವು ಕಣ್ಣಿಗೆ ಬೀಳುವಂತೆ ಪ್ರಕಟಿಸುವ ಹೊಣೆ ಸಾಂಖ್ಯಿಕ ಕಚೇರಿಗಳದ್ದು.

ಯಾರು ಏನನ್ನು ಪ್ರಕಟಿಸುತ್ತಾರೆ?

ಸ್ವಾತಂತ್ರ್ಯಾನಂತರ ಪ್ರೊ. ಪಿ.ಸಿ. ಮಹಾಲನೋಬಿಸ್ ಅವರ ನೇತೃತ್ವದಲ್ಲಿ ಭಾರತದ ಸಾಂಖ್ಯಿಕ ವ್ಯವಸ್ಥೆಯು ರೂಪುಗೊಂಡಿತು. 1950ರಲ್ಲಿ ರಾಷ್ಟ್ರೀಯ ಮಾದರಿ ಸಮೀಕ್ಷೆಯೂ 1951ರಲ್ಲಿ ಕೇಂದ್ರೀಯ ಸಾಂಖ್ಯಿಕ ಸಂಸ್ಥೆಯೂ ಆರಂಭವಾದವು. 1999ರಲ್ಲಿ ಸಾಂಖ್ಯಿಕ ಹಾಗೂ ಕಾರ್ಯಕ್ರಮ ಅನುಷ್ಠಾನ ಸಚಿವಾಲಯವು ಅಸ್ತಿತ್ವಕ್ಕೆ ಬಂದಿತು. 2019ರಲ್ಲಿ ಮೇಲಿನ ಎರಡೂ ಅಂಗಗಳನ್ನು ವಿಲೀನಗೊಳಿಸಿ ರಾಷ್ಟ್ರೀಯ ಸಾಂಖ್ಯಿಕ ಕಚೇರಿಯನ್ನು ರಚಿಸಲು ಆದೇಶಿಸಲಾಯಿತು. ರಾಷ್ಟ್ರೀಯ ವರಮಾನ, ಗ್ರಾಹಕ ಬೆಲೆ ಸೂಚ್ಯಂಕ, ಕೈಗಾರಿಕಾ ಉತ್ಪಾದನಾ ಸೂಚ್ಯಂಕ, ಕೈಗಾರಿಕೆಗಳ ವಾರ್ಷಿಕ ಸಮೀಕ್ಷೆ, ಅಸಂಘಟಿತ ಉದ್ದಿಮೆಗಳ ಸಮೀಕ್ಷೆ ಮುಂತಾದವು ಈ ಕಚೇರಿಯ ಪ್ರಕಟಣೆಗಳು.

ಆದರೆ ವ್ಯಾಪಾರಿಗೆ ಬೇಕಾದುದೆಲ್ಲವೂ ಇಲ್ಲಿಯೇ ಸಿಗುವುದಿಲ್ಲ. ಸಗಟು ಬೆಲೆ ಸೂಚ್ಯಂಕವನ್ನು ವಾಣಿಜ್ಯ ಮತ್ತು ಕೈಗಾರಿಕಾ ಸಚಿವಾಲಯದ ಆರ್ಥಿಕ ಸಲಹೆಗಾರರ ಕಚೇರಿಯು ಪ್ರಕಟಿಸುತ್ತದೆ. ಕೈಗಾರಿಕಾ ಕಾರ್ಮಿಕರ ಗ್ರಾಹಕ ಬೆಲೆ ಸೂಚ್ಯಂಕವು ಕಾರ್ಮಿಕ ಸಚಿವಾಲಯದ ಲೇಬರ್ ಬ್ಯೂರೋದಿಂದ ಬರುತ್ತದೆ. ಜನಗಣತಿಯು ಮಹಾ ನೋಂದಣಾಧಿಕಾರಿಯವರ ಕಚೇರಿಯದು. ಬೆಳೆಗಳ ಅಂದಾಜನ್ನು ರಾಜ್ಯಗಳ ನೆರವಿನಿಂದ ಕೇಂದ್ರ ಕೃಷಿ ಸಚಿವಾಲಯವು ಸಿದ್ಧಪಡಿಸುತ್ತದೆ. ಮಾರುಕಟ್ಟೆ ಪ್ರಾಂಗಣಗಳ ಆವಕ-ಧಾರಣೆಯು ಆಗ್‌ಮಾರ್ಕ್‌ನೆಟ್ ತಾಣದಲ್ಲಿ ಲಭ್ಯ. ಸಿಮೆಂಟಿಗೆ ಬೇಕಾಗುವ ಸುಣ್ಣದ ಕಲ್ಲಿನ ವಿವರವು ನಾಗಪುರದ ಭಾರತೀಯ ಗಣಿ ಬ್ಯೂರೋದಲ್ಲಿದ್ದರೆ, ಶಹಾಬಾದ ಫರ್ಸಿಯು ಉಪಖನಿಜವಾದುದರಿಂದ ಅದರ ವಿವರಕ್ಕೆ ರಾಜ್ಯದ ಗಣಿ ಮತ್ತು ಭೂವಿಜ್ಞಾನ ಇಲಾಖೆಗೆ ಹೋಗಬೇಕು. ನೆಲದಡಿಯ ಕಲ್ಲು ಸುಣ್ಣದ ಕಲ್ಲೇ ಆದರೂ ಅದರ ಲೆಕ್ಕವು ಎರಡು ಮನೆಗಳಲ್ಲಿ ಹಂಚಿಹೋಗಿದೆ. ಒಂದು ತಾಲ್ಲೂಕಿನ ಪೂರ್ಣ ಚಿತ್ರ ಬೇಕಾದವನು ಏಳು ಬಾಗಿಲು ತಟ್ಟಬೇಕು. ಪ್ರತಿ ಬಾಗಿಲಿನಲ್ಲಿಯೂ ಸಂಖ್ಯೆಗಳ ಭಾಷೆ ಬೇರೆ.

ಮೊದಲನೆಯ ಪ್ರಶ್ನೆ: ಯಾವ ಪ್ರದೇಶದ ಸಂಖ್ಯೆ?

ಹೆಸರು ಒಂದೇ ಇದ್ದ ಮಾತ್ರಕ್ಕೆ ಪ್ರದೇಶವೂ ಒಂದೇ ಇರಬೇಕೆಂದಿಲ್ಲ. ಇದಕ್ಕೆ ಕಲಬುರಗಿ ಜಿಲ್ಲೆಗಿಂತ ಉತ್ತಮವಾದ ಉದಾಹರಣೆ ಸಿಗಲಾರದು. 2001ರ ಜನಗಣತಿಯಲ್ಲಿ ಗುಲಬರ್ಗಾ ಜಿಲ್ಲೆಯ ಜನಸಂಖ್ಯೆ 31,30,922. 2011ರ ಜನಗಣತಿಯಲ್ಲಿ ಅದೇ ಹೆಸರಿನ ಜಿಲ್ಲೆಯ ಜನಸಂಖ್ಯೆ 25,66,326. ಎರಡು ತಖ್ತೆಗಳನ್ನು ಅಕ್ಕಪಕ್ಕದಲ್ಲಿಟ್ಟು ಕಳೆದರೆ ಹತ್ತು ವರ್ಷಗಳಲ್ಲಿ 5,64,596 ಜನ, ಅಂದರೆ ಶೇ. 18ರಷ್ಟು ಜನ ಕಡಿಮೆಯಾದಂತೆ ಕಾಣುತ್ತದೆ. ಈ ಲೆಕ್ಕವನ್ನು ನಂಬಿ ಬೇಡಿಕೆಯ ಅಂದಾಜು ಬರೆದವನು ಮಳಿಗೆ ತೆರೆಯುವ ಯೋಚನೆಯನ್ನೇ ಕೈಬಿಡಬಹುದು.

ವಾಸ್ತವವಾಗಿ 2009ರ ಡಿಸೆಂಬರ್ ಅಂತ್ಯದಲ್ಲಿ ಯಾದಗಿರಿ, ಶಹಾಪುರ ಮತ್ತು ಸುರಪುರ ತಾಲ್ಲೂಕುಗಳು ಬೇರ್ಪಟ್ಟು ಯಾದಗಿರಿ ಜಿಲ್ಲೆಯಾದವು. 2011ರಲ್ಲಿ ಆ ಜಿಲ್ಲೆಯ ಜನಸಂಖ್ಯೆ 11,74,271. ಇದನ್ನು ಕೂಡಿಸಿದರೆ ಹಳೆಯ ಗುಲಬರ್ಗಾ ಜಿಲ್ಲೆಯ ವ್ಯಾಪ್ತಿಯ ಜನಸಂಖ್ಯೆ 37,40,597 ಆಗುತ್ತದೆ. ಎಂದರೆ ನಿಜವಾದ ಬದಲಾವಣೆಯು ಶೇ. 18ರ ಇಳಿಕೆಯಲ್ಲ, ಶೇ. 19.5ರಷ್ಟು ಏರಿಕೆ. ಜನಗಣತಿಯ ಎರಡೂ ಸಂಖ್ಯೆಗಳು ಸರಿಯಾಗಿಯೇ ಇವೆ. ಗಡಿ ಬದಲಾದುದನ್ನು ಗಮನಿಸದ ಹೋಲಿಕೆಯೇ ತಪ್ಪು. ತೊಗರಿಯ ಬಿತ್ತನೆ ಕ್ಷೇತ್ರದ ಹಳೆಯ-ಹೊಸ ಅಂಕಿಗಳನ್ನು ಹೋಲಿಸುವಾಗಲೂ ಇದೇ ಎಚ್ಚರಿಕೆ ಬೇಕು. 2014ರ ನವೆಂಬರ್ 1ರಿಂದ ಜಿಲ್ಲೆಯ ಹೆಸರು ಕಲಬುರಗಿ ಎಂದಾಗಿರುವುದರಿಂದ, ಹೊಸ ಹೆಸರಿನಿಂದ ಮಾತ್ರ ಹುಡುಕಿದವರಿಗೆ ಹಳೆಯ ಸಂಖ್ಯೆಗಳು ಸಿಗದೇ ಹೋಗಬಹುದು.

ತಾಲ್ಲೂಕು ಮಟ್ಟಕ್ಕೆ ಇಳಿದರೆ ತೊಡಕು ಇನ್ನೂ ಹೆಚ್ಚು. ಶಹಾಬಾದವು 2018ರಲ್ಲಿ ಪ್ರತ್ಯೇಕ ತಾಲ್ಲೂಕಾಯಿತು. ಅದಕ್ಕೆ ಮೊದಲು ಅದು ಚಿತ್ತಾಪುರ ತಾಲ್ಲೂಕಿನ ಭಾಗ. ಕಾಳಗಿಯೂ ಆಗಲೇ ಹೊಸ ತಾಲ್ಲೂಕಾಗಿ ಹೊರಬಂದಿತು. ಆದ್ದರಿಂದ 2011ರ ಜನಗಣತಿಯ ಚಿತ್ತಾಪುರ ಮತ್ತು ಇಂದಿನ ಚಿತ್ತಾಪುರ ಒಂದೇ ಅಲ್ಲ. ಪಟ್ಟಣಗಳ ಲೆಕ್ಕದಲ್ಲಿಯೂ ಇಂತಹ ಸೂಕ್ಷ್ಮವಿದೆ. 2001ರ ಜನಗಣತಿಯ ಪಟ್ಟಣಗಳ ಪಟ್ಟಿಯಲ್ಲಿ ವಾಡಿ ಒಂದು ಸಾಲಿನಲ್ಲಿದ್ದರೆ, ವಾಡಿ ಎ.ಸಿ.ಸಿ. ಎಂಬ ಕಾರ್ಖಾನೆ ವಸತಿ ಪ್ರದೇಶವು ಇನ್ನೊಂದು ಸಾಲಿನಲ್ಲಿದೆ. ಶಹಾಬಾದ ಮತ್ತು ಶಹಾಬಾದ ಎ.ಸಿ.ಸಿ.ಗಳೂ ಹಾಗೆಯೇ. ಒಂದೇ ಸಾಲನ್ನು ನೋಡಿ ಊರಿನ ಗಿರಾಕಿಗಳ ಸಂಖ್ಯೆಯನ್ನು ನಿರ್ಧರಿಸಿದರೆ, ನಿಯಮಿತ ಸಂಬಳ ಪಡೆಯುವ ಕುಟುಂಬಗಳೇ ಲೆಕ್ಕದಿಂದ ಹೊರಗುಳಿಯಬಹುದು.

ಗಡಿಯಾಚೆಯ ಹೋಲಿಕೆಗೂ ಇದು ಅನ್ವಯಿಸುತ್ತದೆ. ಸೇಡಂ ಮತ್ತು ಚಿಂಚೋಳಿಯ ವ್ಯಾಪಾರಸ್ಥರಿಗೆ ತೊಗರಿಯಲ್ಲಿಯೂ ಕಲ್ಲಿನಲ್ಲಿಯೂ ಹತ್ತಿರದ ಪ್ರತಿಸ್ಪರ್ಧಿ ತಾಂಡೂರು. 2014ರ ಜೂನ್ 2ರವರೆಗೆ ತಾಂಡೂರಿನ ಅಂಕಿಗಳು ಆಂಧ್ರಪ್ರದೇಶದ ಲೆಕ್ಕದಲ್ಲಿ, ಅನಂತರ ತೆಲಂಗಾಣದ ಲೆಕ್ಕದಲ್ಲಿ ಸೇರಿವೆ. 2016ರ ಅಕ್ಟೋಬರ್‌ವರೆಗೆ ಅದು ರಂಗಾರೆಡ್ಡಿ ಜಿಲ್ಲೆಯಲ್ಲಿದ್ದು, ಆಮೇಲೆ ವಿಕಾರಾಬಾದ್ ಜಿಲ್ಲೆಗೆ ಸೇರಿತು. ಹತ್ತು-ಹದಿನೈದು ವರ್ಷಗಳ ಹೋಲಿಕೆ ಮಾಡಬಯಸುವವರು ಇಷ್ಟನ್ನೂ ತಿಳಿದಿರಬೇಕಾಗುತ್ತದೆ.

ಎರಡನೆಯ ಪ್ರಶ್ನೆ: ಆಧಾರ ವರ್ಷ ಯಾವುದು?

ಸೂಚ್ಯಂಕವೆಂದರೆ ಒಂದು ನಿರ್ದಿಷ್ಟ ವರ್ಷದ ಮಟ್ಟವನ್ನು 100 ಎಂದಿಟ್ಟುಕೊಂಡು ಉಳಿದ ಕಾಲದ ಮಟ್ಟವನ್ನು ಹೇಳುವ ಸಂಖ್ಯೆ. ಜನರ ಖರ್ಚಿನ ರೀತಿ ಬದಲಾದಂತೆ ಆಧಾರ ವರ್ಷವನ್ನೂ ಬದಲಾಯಿಸಬೇಕಾಗುತ್ತದೆ. ಆಧಾರ ವರ್ಷ ಬದಲಾದಾಗ ಸಂಖ್ಯೆಯು ಒಮ್ಮೆಲೇ ಕೆಳಗಿಳಿಯುತ್ತದೆ. ಆದರೆ ಬೆಲೆಗಳೇನೂ ಇಳಿದಿರುವುದಿಲ್ಲ.

ಕೈಗಾರಿಕಾ ಕಾರ್ಮಿಕರ ಗ್ರಾಹಕ ಬೆಲೆ ಸೂಚ್ಯಂಕವನ್ನೇ ತೆಗೆದುಕೊಳ್ಳಬಹುದು. 2001 ಆಧಾರ ವರ್ಷದ ಪ್ರಕಾರ 2020ರ ಆಗಸ್ಟ್ ತಿಂಗಳ ಅಖಿಲ ಭಾರತ ಸೂಚ್ಯಂಕ 338. ಮುಂದಿನ ತಿಂಗಳಿನಿಂದ ಆಧಾರ ವರ್ಷವು 2016 ಆಯಿತು. ಸೆಪ್ಟೆಂಬರ್ ಸೂಚ್ಯಂಕವು 118.1 ಎಂದು ಪ್ರಕಟವಾಯಿತು. ಈ ಎರಡನ್ನು ಜೋಡಿಸಲು ಲೇಬರ್ ಬ್ಯೂರೋ ನೀಡಿದ ಜೋಡಣೆ ಗುಣಕ 2.88. ಲೆಕ್ಕ ಹೀಗೆ:

118.1 × 2.88 = 340.1

ಎಂದರೆ ಹಳೆಯ ಅಳತೆಯಲ್ಲಿ 338 ಇದ್ದುದು 340 ಆಗಿದೆ, ಎರಡು ಅಂಶ ಏರಿದೆ. ಇದಕ್ಕಿಂತ ಹಿಂದಿನ 1982 ಆಧಾರದ ಒಪ್ಪಂದಗಳಿದ್ದರೆ 2001ರ ಸಂಖ್ಯೆಯನ್ನು ಮತ್ತೆ 4.63ರಿಂದ ಗುಣಿಸಬೇಕು.

ಇದು ಕೇವಲ ಪಾಠದ ಲೆಕ್ಕವಲ್ಲ. ಹಳೆಯ ಆಧಾರ ವರ್ಷವನ್ನು ನಮೂದಿಸಿದ ವೇತನ ಒಪ್ಪಂದವಿರುವ ಪಾಲಿಶ್ ಘಟಕದಲ್ಲಿ ಲೆಕ್ಕ ಬರೆಯುವವರು ಹೊಸ ಸಂಖ್ಯೆಯನ್ನು ನೇರವಾಗಿ ಬಳಸಿದರೆ ಕಾರ್ಮಿಕರಿಗೆ ಸಲ್ಲಬೇಕಾದ ಭತ್ಯೆ ತಪ್ಪುತ್ತದೆ. ಬಾಕಿಯು ಕೂಡುತ್ತಾ ಹೋಗಿ ಮುಂದೊಂದು ದಿನ ವಿವಾದವಾಗುತ್ತದೆ. ಸಾಗಣೆ ಅಥವಾ ಪೂರೈಕೆಯ ಗುತ್ತಿಗೆಯಲ್ಲಿ ದರ ಪರಿಷ್ಕರಣೆಯ ಷರತ್ತು ಬರೆಯುವಾಗ ‘ಬೆಲೆ ಸೂಚ್ಯಂಕದಂತೆ’ ಎಂದಷ್ಟೇ ಬರೆಯುವುದೂ ಅಪಾಯಕರ. ಸೂಚ್ಯಂಕದ ಪೂರ್ಣ ಹೆಸರು, ಪ್ರಕಟಿಸುವ ಕಚೇರಿ, ಆಧಾರ ವರ್ಷ, ಶ್ರೇಣಿ ಬದಲಾದರೆ ಆಯಾ ಕಚೇರಿಯ ಅಧಿಕೃತ ಜೋಡಣೆ ಗುಣಕವನ್ನು ಬಳಸತಕ್ಕದ್ದು ಎಂಬ ವಾಕ್ಯ, ಇಷ್ಟೂ ಇರಬೇಕು. ರಾಷ್ಟ್ರೀಯ ಸಾಂಖ್ಯಿಕ ಕಚೇರಿಯ ಗ್ರಾಹಕ ಬೆಲೆ ಸೂಚ್ಯಂಕವೂ 2026ರ ಫೆಬ್ರುವರಿಯಲ್ಲಿ 2012ರ ಬದಲು 2024ರ ಆಧಾರಕ್ಕೆ ಬಂದಿರುವುದರಿಂದ ಈ ಎಚ್ಚರಿಕೆ ಇಂದು ಹೆಚ್ಚು ಪ್ರಸ್ತುತವಾಗಿದೆ.

ಮೂರನೆಯ ಪ್ರಶ್ನೆ: ಯಾವ ಅವಧಿಯದು, ಯಾವಾಗ ಪ್ರಕಟವಾದುದು?

ವ್ಯಾಪಾರದಲ್ಲಿ ತಡವಾಗಿ ಬಂದ ಸುದ್ದಿಗೆ ಬೆಲೆಯಿಲ್ಲ. ಹಾಗೆಯೇ, ಕೆಲವರಿಗೆ ಮಾತ್ರ ಮೊದಲು ತಿಳಿಯುವ ಸುದ್ದಿಯು ಉಳಿದವರಿಗೆ ನಷ್ಟವನ್ನೇ ತರುತ್ತದೆ. ಇಂತಿಂಥ ಸಂಖ್ಯೆಯು ಇಂತಿಂಥ ದಿನ, ಇಂತಿಂಥ ವೇಳೆಗೆ ಎಲ್ಲರಿಗೂ ಏಕಕಾಲದಲ್ಲಿ ದೊರೆಯುತ್ತದೆ ಎಂಬ ಮುಂಗಡ ಪ್ರಕಟಣಾ ವೇಳಾಪಟ್ಟಿಯು ಆದ್ದರಿಂದಲೇ ಮುಖ್ಯ. ಅಂತರರಾಷ್ಟ್ರೀಯ ಹಣಕಾಸು ನಿಧಿಯ ವಿಶೇಷ ದತ್ತಾಂಶ ಪ್ರಸಾರ ಮಾನದಂಡಕ್ಕೆ ಭಾರತವು 1996ರ ಡಿಸೆಂಬರ್‌ನಲ್ಲಿಯೇ ಸೇರಿದ್ದು, ಇಂತಹ ವೇಳಾಪಟ್ಟಿಯು ಆ ಮಾನದಂಡದ ಒಂದು ಅಂಗ.

ಈ ದಿಕ್ಕಿನಲ್ಲಿ ಸುಧಾರಣೆಯಾಗಿರುವುದು ಸಮಾಧಾನದ ಸಂಗತಿ. ಕೈಗಾರಿಕಾ ಉತ್ಪಾದನಾ ಸೂಚ್ಯಂಕವು ಹಿಂದೆ ತಿಂಗಳು ಮುಗಿದ ಸುಮಾರು ಆರು ವಾರಗಳ ಬಳಿಕ ಬರುತ್ತಿತ್ತು. 2025ರ ಏಪ್ರಿಲ್‌ನಿಂದ ಪ್ರತಿ ತಿಂಗಳ 28ರಂದು ಹಿಂದಿನ ತಿಂಗಳ ಸೂಚ್ಯಂಕವನ್ನು ಪ್ರಕಟಿಸುವ ಪದ್ಧತಿ ಬಂದಿತು. ಗ್ರಾಹಕ ಬೆಲೆ ಸೂಚ್ಯಂಕವು ಸಾಮಾನ್ಯವಾಗಿ 12ನೆಯ ತಾರೀಕಿನಂದು ಹೊರಬೀಳುತ್ತದೆ. ಆದರೆ ಎಲ್ಲ ಪ್ರಕಟಣೆಗಳೂ ಇಷ್ಟು ಶೀಘ್ರವಲ್ಲ. ಕೈಗಾರಿಕೆಗಳ ವಾರ್ಷಿಕ ಸಮೀಕ್ಷೆಯ 2023-24ರ ಫಲಿತಾಂಶವು 2025ರ ಆಗಸ್ಟ್‌ನಲ್ಲಿ ಹೊರಬಂದಿತು. ಆರನೆಯ ಆರ್ಥಿಕ ಗಣತಿಯು 2013ರದು. 2019ರಲ್ಲಿ ಆರಂಭವಾದ ಏಳನೆಯ ಗಣತಿಯ ಫಲಿತಾಂಶಗಳು ಸಾರ್ವಜನಿಕರ ಕೈಗೆ ಬರಲಿಲ್ಲ. ಸಣ್ಣ ಅಂಗಡಿ, ಸಣ್ಣ ಘಟಕಗಳನ್ನು ಒಂದೊಂದಾಗಿ ಎಣಿಸುವ ಏಕೈಕ ಲೆಕ್ಕವು ಹೀಗೆ ದೀರ್ಘಕಾಲ ಹಳೆಯದಾಗಿಯೇ ಉಳಿದುದು ಸಣ್ಣ ಉದ್ಯಮಿಗಳ ಪಾಲಿಗೆ ದೊಡ್ಡ ಕೊರತೆ.

ನಾಲ್ಕನೆಯ ಪ್ರಶ್ನೆ: ತಾತ್ಕಾಲಿಕವೋ, ಅಂತಿಮವೋ?

ಬೇಗ ಬಂದ ಸಂಖ್ಯೆಯು ಸಾಮಾನ್ಯವಾಗಿ ತಾತ್ಕಾಲಿಕ. ಪೂರ್ಣ ವಿವರ ಬಂದಂತೆ ಅದನ್ನು ಪರಿಷ್ಕರಿಸಲಾಗುತ್ತದೆ. ವ್ಯಾಪಾರದಲ್ಲಿ ಕಚ್ಚಾ ತಾಳೆಪಟ್ಟಿಯು ಪಕ್ಕಾ ಅಢಾವೆಪತ್ರಿಕೆಯಾಗುವಂತೆಯೇ ಇದೂ. ಪರಿಷ್ಕರಣೆಯು ದೋಷವಲ್ಲ. ಅದನ್ನು ಮರೆಮಾಚುವುದು ದೋಷ.

2012ರ ಮಾರ್ಚ್‌ನಲ್ಲಿ ನಡೆದ ಘಟನೆ ಇಲ್ಲಿ ಸ್ಮರಣೀಯ. ಆ ವರ್ಷದ ಜನವರಿಯಲ್ಲಿ ಕೈಗಾರಿಕಾ ಉತ್ಪಾದನೆಯು ಶೇ. 6.8ರಷ್ಟು ಬೆಳೆಯಿತೆಂದು ಪ್ರಕಟಿಸಲಾಯಿತು. ಮರುತಿಂಗಳು ಅದನ್ನು ಶೇ. 1.1ಕ್ಕೆ ಇಳಿಸಬೇಕಾಯಿತು. ಸಕ್ಕರೆ ಉತ್ಪಾದನೆಯು 58.09 ಲಕ್ಷ ಟನ್ ಎಂದಿರಬೇಕಾದ ಕಡೆ 134.08 ಲಕ್ಷ ಟನ್ ಎಂದು ವರದಿಯಾದುದು ಇದಕ್ಕೆ ಮುಖ್ಯ ಕಾರಣ. ಒಂದು ವಸ್ತುವಿನ ಒಂದು ತಪ್ಪು ಅಂಕಿಯು ಇಡೀ ದೇಶದ ಕೈಗಾರಿಕಾ ಚಿತ್ರವನ್ನೇ ಬದಲಿಸಿತು. ಮಾರ್ಚ್‌ನಲ್ಲಿ ತಖ್ತೆಯನ್ನು ಇಳಿಸಿಕೊಂಡು ಕಡತದಲ್ಲಿಟ್ಟವನಿಗೆ ಏಪ್ರಿಲ್‌ನ ತಿದ್ದುಪಡಿಯನ್ನು ಯಾರೂ ಮನೆಗೆ ಬಂದು ತಿಳಿಸುವುದಿಲ್ಲ. ತಿದ್ದುಪಡಿಯ ದಿನಾಂಕ, ಹಳೆಯ ಸಂಖ್ಯೆ, ಹೊಸ ಸಂಖ್ಯೆ ಮತ್ತು ಕಾರಣ ಈ ನಾಲ್ಕೂ ಅದೇ ಪುಟದಲ್ಲಿ ಶಾಶ್ವತವಾಗಿ ಉಳಿಯಬೇಕು.

ತೊಗರಿ ವ್ಯಾಪಾರಿಗೆ ಈ ಮಾತು ಇನ್ನೂ ಹತ್ತಿರದ್ದು. ಬೆಳೆಯ ಮುಂಗಡ ಅಂದಾಜುಗಳು ಒಂದಾದ ಮೇಲೊಂದು ಬರುತ್ತವೆ. ಚಿಂಚೋಳಿಯ ಅಡತಿದಾರನೊಬ್ಬನು ಮೊದಲ ಅಂದಾಜನ್ನೇ ಕೊನೆಯದೆಂದು ತಿಳಿದು ದಾಸ್ತಾನು ಮಾಡಿದರೆ, ಮುಂದಿನ ಅಂದಾಜು ಬರುವ ಹೊತ್ತಿಗೆ ಅವನ ಬಂಡವಾಳ ಗೋದಾಮಿನಲ್ಲಿ ಸಿಕ್ಕಿಕೊಂಡಿರುತ್ತದೆ.

ಆಗಿರುವ ಸುಧಾರಣೆಗಳು

ಡಾ. ಸಿ. ರಂಗರಾಜನ್ ಅಧ್ಯಕ್ಷತೆಯ ರಾಷ್ಟ್ರೀಯ ಸಾಂಖ್ಯಿಕ ಆಯೋಗವು 2001ರಲ್ಲಿ ಸಲ್ಲಿಸಿದ ವರದಿಯು ವಿಶ್ವಾಸಾರ್ಹತೆ, ಸಕಾಲಿಕತೆ ಮತ್ತು ಪರ್ಯಾಪ್ತತೆಗಳ ಕೊರತೆಯನ್ನು ಎತ್ತಿ ತೋರಿಸಿತ್ತು. 2012ರಲ್ಲಿ ಕೇಂದ್ರ ಸರ್ಕಾರವು ರಾಷ್ಟ್ರೀಯ ದತ್ತಾಂಶ ಹಂಚಿಕೆ ಮತ್ತು ಲಭ್ಯತಾ ನೀತಿಯನ್ನು ಹೊರಡಿಸಿತು. ಸರ್ಕಾರಿ ಇಲಾಖೆಗಳ ಅಂಕಿ-ಅಂಶಗಳನ್ನು ಒಂದೆಡೆ ಇರಿಸುವ ಮುಕ್ತ ದತ್ತಾಂಶ ತಾಣವೂ ಅದೇ ವರ್ಷ ಆರಂಭವಾಯಿತು. ಅಧಿಕೃತ ಅಂಕಿ-ಅಂಶಗಳ ಕುರಿತ ವಿಶ್ವಸಂಸ್ಥೆಯ ಮೂಲ ತತ್ತ್ವಗಳನ್ನು ಭಾರತವು 2016ರಲ್ಲಿ ಅಂಗೀಕರಿಸಿತು. ಕೆನಡಾದ ಸಾಂಖ್ಯಿಕ ಸಂಸ್ಥೆಯು ಶುಲ್ಕವಿದ್ದ ತನ್ನ ಮುಖ್ಯ ದತ್ತಸಂಚಯವನ್ನು 2012ರಲ್ಲಿ ಎಲ್ಲರಿಗೂ ಉಚಿತವಾಗಿ ತೆರೆದಿಟ್ಟಿತು. ಭಾರತದಲ್ಲಿಯೂ ಸಮೀಕ್ಷೆಗಳ ಮೂಲ ದತ್ತಾಂಶವು ಈಗ ಹೆಸರು ನೋಂದಾಯಿಸಿದವರಿಗೆ ಉಚಿತ.

2024ರ ಜೂನ್ 29ರ ಸಾಂಖ್ಯಿಕ ದಿನದಂದು ‘ಇ-ಸಾಂಖ್ಯಿಕಿ’ ತಾಣವನ್ನು ಆರಂಭಿಸಲಾಯಿತು. ಸಚಿವಾಲಯದ ಮುಖ್ಯ ಸೂಚ್ಯಂಕಗಳನ್ನು ವರ್ಷಾನುಕ್ರಮವಾಗಿ ಆರಿಸಿ, ಗಣಕಯಂತ್ರದಲ್ಲಿ ನೇರವಾಗಿ ಬಳಸಬಹುದಾದ ಕಡತವಾಗಿ ಇಳಿಸಿಕೊಳ್ಳುವ ಸೌಲಭ್ಯ ಅದರಲ್ಲಿದೆ. 2025ರಲ್ಲಿ ‘ಗೋಐಸ್ಟ್ಯಾಟ್ಸ್’ ಎಂಬ ಮೊಬೈಲ್ ಆ್ಯಪ್ ಕೂಡ ಬಂದಿತು. ಇವೆಲ್ಲಕ್ಕಿಂತ ಜಿಲ್ಲೆಗಳಿಗೆ ಹೆಚ್ಚು ಪ್ರಯೋಜನಕಾರಿಯಾದುದೆಂದರೆ, 2025ರ ಜನವರಿಯಿಂದ ಮಾದರಿ ಸಮೀಕ್ಷೆಗಳ ವಿನ್ಯಾಸದಲ್ಲಿ ಜಿಲ್ಲೆಯನ್ನೇ ಮೂಲ ಘಟಕವನ್ನಾಗಿ ಮಾಡಿರುವುದು. ಇದರಿಂದ ರಾಜ್ಯದ ಸರಾಸರಿಯೊಳಗೆ ಮುಚ್ಚಿಹೋಗುತ್ತಿದ್ದ ಕಲಬುರಗಿಯಂತಹ ಜಿಲ್ಲೆಯ ಚಿತ್ರವು ಬೇರೆಯಾಗಿ ಕಾಣುವ ದಾರಿ ತೆರೆದಿದೆ.

ಆಗಬೇಕಾದ ಸುಧಾರಣೆಗಳು

ಮೊದಲನೆಯದಾಗಿ, ಮೇಲೆ ಹೇಳಿದ ನಾಲ್ಕು ವಿವರಗಳೂ ಇಳಿಸಿಕೊಂಡ ಕಡತದ ಒಳಗೇ ಇರಬೇಕು. ವಿವರಣೆಯು ಒಂದು ಪುಟದಲ್ಲಿ, ತಖ್ತೆಯು ಇನ್ನೊಂದು ಪುಟದಲ್ಲಿ ಇದ್ದರೆ ಕಡತವು ಕೈಯಿಂದ ಕೈಗೆ ಹೋಗುವಾಗ ವಿವರಣೆ ಹಿಂದುಳಿಯುತ್ತದೆ.

ಎರಡನೆಯದಾಗಿ, ಗಡಿ ಬದಲಾವಣೆಯ ಹೊಂದಾಣಿಕೆ ಪಟ್ಟಿಯನ್ನು ಪ್ರಕಟಿಸಬೇಕು. ಹಳೆಯ ಚಿತ್ತಾಪುರದ ಯಾವ ಗ್ರಾಮಗಳು ಇಂದು ಶಹಾಬಾದದಲ್ಲಿವೆ, ಯಾವುವು ಕಾಳಗಿಯಲ್ಲಿವೆ ಎಂಬುದನ್ನು ಪ್ರತಿಯೊಬ್ಬ ಬಳಕೆದಾರನೂ ಹೊಸದಾಗಿ ಹುಡುಕುವಂತಾಗಬಾರದು. ಪಂಚಾಯತ್ ರಾಜ್ ಸಚಿವಾಲಯದ ಸ್ಥಳೀಯ ಸರ್ಕಾರಗಳ ನಿರ್ದೇಶಿಕೆಯಲ್ಲಿ ಪ್ರತಿ ಜಿಲ್ಲೆ, ತಾಲ್ಲೂಕು ಮತ್ತು ಗ್ರಾಮಕ್ಕೂ ಒಂದು ಸಂಕೇತ ಸಂಖ್ಯೆಯಿದೆ. ಎಲ್ಲ ಇಲಾಖೆಗಳೂ ಅದೇ ಸಂಕೇತವನ್ನು ಬಳಸಿದರೆ ಏಳು ಬಾಗಿಲುಗಳ ಸಂಖ್ಯೆಗಳನ್ನು ಒಂದೇ ತಖ್ತೆಯಲ್ಲಿ ಕೂಡಿಸಬಹುದು. ಗುಲಬರ್ಗಾ-ಕಲಬುರಗಿ, ಶಹಾಪುರ-ಶಹಾಬಾದ ಎಂಬ ಹೆಸರಿನ ಗೊಂದಲವೂ ತಪ್ಪುತ್ತದೆ.

ಮೂರನೆಯದಾಗಿ, ಕಡತದ ರೂಪ. ವರ್ಲ್ಡ್ ವೈಡ್ ವೆಬ್‌ನ ನಿರ್ಮಾತೃ ಟಿಮ್ ಬರ್ನರ್ಸ್-ಲೀ ಅವರು 2010ರಲ್ಲಿ ಮುಕ್ತ ದತ್ತಾಂಶಕ್ಕೆ ಐದು ನಕ್ಷತ್ರಗಳ ಶ್ರೇಣಿಯನ್ನು ಸೂಚಿಸಿದರು. ಮುಕ್ತ ಪರವಾನಗಿಯಡಿ ಪಿ.ಡಿ.ಎಫ್. ಕಡತವನ್ನು ಹಾಕಿದರೆ ಒಂದೇ ನಕ್ಷತ್ರ. ಎಕ್ಸೆಲ್ ತಖ್ತೆಗೆ ಎರಡು, ಯಾವ ತಂತ್ರಾಂಶದಲ್ಲಿಯೂ ತೆರೆಯುವ ಸಿ.ಎಸ್.ವಿ. ಕಡತಕ್ಕೆ ಮೂರು. ಪಿ.ಡಿ.ಎಫ್. ಓದಲು ಚೆನ್ನ, ಲೆಕ್ಕಕ್ಕೆ ಬಾರದು. ಅದರಿಂದ ನೂರು ಸಂಖ್ಯೆಗಳನ್ನು ಕೈಯಿಂದ ನಕಲು ಮಾಡುವಾಗ ಒಂದೆರಡು ತಪ್ಪಾಗುವುದು ಲೆಕ್ಕಪತ್ರದ ಅನುಭವವುಳ್ಳ ಎಲ್ಲರಿಗೂ ತಿಳಿದ ವಿಷಯ. ಹಾಗೆಯೇ ಒಮ್ಮೆ ಕೊಟ್ಟ ಅಂತರಜಾಲ ವಿಳಾಸವು ತಾಣದ ವಿನ್ಯಾಸ ಬದಲಾದರೂ ಉಳಿಯಬೇಕು. ಗುತ್ತಿಗೆ ಪತ್ರದಲ್ಲಿ ನಮೂದಿಸಿದ ವಿಳಾಸವು ಎರಡು ವರ್ಷಗಳ ನಂತರ ತೆರೆಯದಿದ್ದರೆ ಆ ನಮೂದಿಗೆ ಅರ್ಥವಿಲ್ಲ.

ನಾಲ್ಕನೆಯದಾಗಿ, ಭಾಷೆ. ಸಂಖ್ಯೆಗಳಿಗೆ ಅನುವಾದ ಬೇಡ, ಆದರೆ ಶಿರೋನಾಮೆ, ವ್ಯಾಖ್ಯೆ ಮತ್ತು ಟಿಪ್ಪಣಿಗಳಿಗೆ ಬೇಕು. ‘ಅಸಂಘಟಿತ ಉದ್ದಿಮೆ’ ಎಂದರೆ ಏನು, ಪಾಲುದಾರಿಕೆ ಸಂಸ್ಥೆ ಅದರಲ್ಲಿ ಸೇರುತ್ತದೆಯೇ ಎಂಬುದು ಕನ್ನಡದಲ್ಲಿ ನಾಲ್ಕು ವಾಕ್ಯಗಳಲ್ಲಿದ್ದರೆ ಚಿತ್ತಾಪುರದ ಅಂಗಡಿಕಾರನೂ ತನ್ನ ಸ್ಥಾನವನ್ನು ಗುರುತಿಸಿಕೊಳ್ಳಬಲ್ಲ.

ಇದರ ಜೊತೆಗೆ ಒಂದು ಮಿತಿಯನ್ನೂ ಒಪ್ಪಿಕೊಳ್ಳಬೇಕು. ಎಲ್ಲ ಅಂಕಿಗಳನ್ನೂ ತಾಲ್ಲೂಕುವಾರು ಕೊಡಿ ಎಂಬ ಬೇಡಿಕೆ ನ್ಯಾಯವೆನಿಸಿದರೂ ಸಾಧುವಲ್ಲ. ಮಾದರಿ ಸಮೀಕ್ಷೆಯಲ್ಲಿ ಒಂದು ತಾಲ್ಲೂಕಿಗೆ ಸಿಗುವ ಕೆಲವೇ ಘಟಕಗಳಿಂದ ನಂಬಲರ್ಹ ಅಂದಾಜು ಸಾಧ್ಯವಿಲ್ಲ. ಜಿಲ್ಲಾ ಅಂದಾಜಿನ ಜೊತೆಗೂ ಅದರ ಸಂಭವನೀಯ ದೋಷದ ಪ್ರಮಾಣವನ್ನು ಹೇಳಬೇಕು. ಮತ್ತೊಂದು ತೊಡಕು ಗೋಪ್ಯತೆಯದು. ಒಂದೆರಡು ದೊಡ್ಡ ಸಿಮೆಂಟ್ ಕಾರ್ಖಾನೆಗಳಿರುವ ತಾಲ್ಲೂಕಿನ ಉತ್ಪಾದನೆಯನ್ನು ಬೇರೆಯಾಗಿ ಪ್ರಕಟಿಸಿದರೆ ಆ ಕಾರ್ಖಾನೆಯ ಲೆಕ್ಕವನ್ನೇ ಬಯಲು ಮಾಡಿದಂತಾಗುತ್ತದೆ. ಪೂರ್ಣ ಎಣಿಕೆಯಿಂದ ಬರುವ ಜನಗಣತಿ, ಆರ್ಥಿಕ ಗಣತಿ, ಮಾರುಕಟ್ಟೆ ಆವಕ ಮುಂತಾದವನ್ನು ಮಾತ್ರ ಕೆಳಮಟ್ಟದವರೆಗೆ ಕೇಳುವುದು ಸಮಂಜಸ.

ಕೊಡುವವರ ಹೊಣೆ

ಸಾಂಖ್ಯಿಕ ಕಚೇರಿಯು ಸಂಖ್ಯೆಗಳನ್ನು ತಾನಾಗಿ ಸೃಷ್ಟಿಸುವುದಿಲ್ಲ. ಅವು ಬರುವುದು ಉದ್ಯಮಿಗಳ ಪುಸ್ತಕಗಳಿಂದಲೇ. ಕೈಗಾರಿಕೆಗಳ ವಾರ್ಷಿಕ ಸಮೀಕ್ಷೆಗೆ ಆಯ್ಕೆಯಾದ ಘಟಕವು ಅಂತರಜಾಲದ ಮೂಲಕ ವಿವರಣೆ ಸಲ್ಲಿಸಬೇಕು. ಇದು ತೆರಿಗೆ ಇಲಾಖೆಗೆ ತಲುಪೀತೆಂಬ ಅಂಜಿಕೆ ಕೆಲವರಲ್ಲಿದೆ. ಅಂಕಿ-ಅಂಶಗಳ ಸಂಗ್ರಹಣಾ ಕಾಯ್ದೆ, 2008ರ ಪ್ರಕಾರ ಹೀಗೆ ನೀಡಿದ ಮಾಹಿತಿಯನ್ನು ಸಾಂಖ್ಯಿಕ ಉದ್ದೇಶಕ್ಕೆ ಮಾತ್ರ ಬಳಸತಕ್ಕದ್ದು. ಅಂಜಿಕೆಯಿಂದ ಕಡಿಮೆ ತೋರಿಸಿದ ಉತ್ಪಾದನೆಯು ಇಡೀ ಪ್ರದೇಶದ ಉದ್ಯಮವನ್ನೇ ಕಡಿಮೆ ಮಾಡಿ ತೋರಿಸುತ್ತದೆ.

ಚಟುವಟಿಕೆಯ ಸಂಕೇತದಲ್ಲಿಯೂ ಎಚ್ಚರ ಬೇಕು. 2020ರ ಜುಲೈನಲ್ಲಿ ಆರಂಭವಾದ ಉದ್ಯಮ್ ನೋಂದಣಿಯಲ್ಲಿ ರಾಷ್ಟ್ರೀಯ ಕೈಗಾರಿಕಾ ವರ್ಗೀಕರಣದ ಸಂಕೇತವನ್ನು ನಮೂದಿಸಬೇಕು. 2008ರ ವರ್ಗೀಕರಣದಲ್ಲಿ ಬೇಳೆ ಗಿರಣಿಯು 1061ರ ಅಡಿ, ಕಲ್ಲು ಕತ್ತರಿಸುವ ಮತ್ತು ಪಾಲಿಶ್ ಮಾಡುವ ಘಟಕವು 2396ರ ಅಡಿ, ಕಲ್ಲುಗಣಿಯು 0810ರ ಅಡಿ ಬರುತ್ತವೆ. ಪಾಲಿಶ್ ಘಟಕವನ್ನು ಕಲ್ಲಿನ ವ್ಯಾಪಾರವೆಂದು ಬರೆಸಿದರೆ ಶಹಾಬಾದದ ಒಂದು ತಯಾರಿಕಾ ಘಟಕವು ಲೆಕ್ಕದಿಂದ ಮಾಯವಾದಂತೆಯೇ ಸರಿ.

ದಾಸ್ತಾನಿನ ವಿಷಯದಲ್ಲಿ ಇದರ ಪರಿಣಾಮವು ನೇರವಾಗಿದೆ. 2023ರ ಜೂನ್‌ನಲ್ಲಿ ಕೇಂದ್ರ ಸರ್ಕಾರವು ತೊಗರಿ ಮತ್ತು ಉದ್ದಿಗೆ ದಾಸ್ತಾನು ಮಿತಿ ವಿಧಿಸಿ, ಸಗಟು ವ್ಯಾಪಾರಿಗೆ 200 ಟನ್ ಎಂದು ನಿಗದಿಪಡಿಸಿತು. ಅದೇ ಸೆಪ್ಟೆಂಬರ್‌ನಲ್ಲಿ ಅದನ್ನು 50 ಟನ್ನಿಗೆ ಇಳಿಸಿತು. ವ್ಯಾಪಾರಿಗಳೂ ಗಿರಣಿಗಳೂ ತಮ್ಮ ದಾಸ್ತಾನನ್ನು ಗ್ರಾಹಕ ವ್ಯವಹಾರಗಳ ಇಲಾಖೆಯ ತಾಣದಲ್ಲಿ ಘೋಷಿಸಬೇಕಾಗಿತ್ತು. ಹೀಗೆ ವ್ಯಾಪಾರಿಯು ಸಂಖ್ಯೆ ಕೊಡುತ್ತಾನೆ, ಸಂಖ್ಯೆಯನ್ನು ನೋಡುವ ಸರ್ಕಾರವು ವ್ಯಾಪಾರಿಯ ಕೈ ಕಟ್ಟುತ್ತದೆ. ಕೊಟ್ಟ ಸಂಖ್ಯೆಗಳ ಒಟ್ಟು ಮೊತ್ತವು ರಾಜ್ಯವಾರು, ನಿಗದಿತ ದಿನದಂದು ಕೊಟ್ಟವರಿಗೂ ಮರಳಿ ದೊರೆಯಬೇಕೆಂದು ಕೇಳುವುದು ನ್ಯಾಯಯುತವೇ ಆಗಿದೆ.

ವಾಣಿಜ್ಯ ಸಂಸ್ಥೆಗಳ ಪಾತ್ರ

ಒಬ್ಬ ಸಣ್ಣ ಉದ್ಯಮಿಯು ಈ ಎಲ್ಲ ತಾಣಗಳನ್ನು ತಾನೇ ಜಾಲಾಡುವುದು ಕಷ್ಟ. ವಾಣಿಜ್ಯ ಸಂಸ್ಥೆಗಳು ಪ್ರತಿ ತಿಂಗಳು ಒಂದು ಪುಟವನ್ನು ಇದಕ್ಕಾಗಿ ಮೀಸಲಿಡಬಹುದು. ಮುಂದಿನ ತಿಂಗಳ ಪ್ರಕಟಣಾ ದಿನಾಂಕಗಳು, ಗ್ರಾಹಕ ಮತ್ತು ಸಗಟು ಬೆಲೆ ಸೂಚ್ಯಂಕಗಳು ಆಧಾರ ವರ್ಷಸಹಿತ, ಕೈಗಾರಿಕಾ ಕಾರ್ಮಿಕರ ಸೂಚ್ಯಂಕವು ಜೋಡಣೆ ಗುಣಕಸಹಿತ, ಹಿಂದಿನ ತಿಂಗಳ ತಿದ್ದುಪಡಿಗಳು, ಇಷ್ಟು ಒಂದೇ ಪುಟದಲ್ಲಿ ಹಿಡಿಸುತ್ತವೆ. ಸದಸ್ಯರಿಗೆ ಎದುರಾದ ತೊಡಕುಗಳನ್ನು ಒಟ್ಟುಗೂಡಿಸಿ ವರ್ಷಕ್ಕೊಮ್ಮೆ ಸಚಿವಾಲಯಕ್ಕೂ ರಾಜ್ಯದ ಅರ್ಥಿಕ ಮತ್ತು ಸಾಂಖ್ಯಿಕ ನಿರ್ದೇಶನಾಲಯಕ್ಕೂ ಲಿಖಿತವಾಗಿ ಕಳುಹಿಸಿದರೆ, ಬಿಡಿ ದೂರಿಗೆ ಇಲ್ಲದ ತೂಕ ಅದಕ್ಕೆ ಬರುತ್ತದೆ.

ಉದ್ಯಮಿಯು ತನ್ನ ಮಟ್ಟಿಗೆ ಇಂದಿನಿಂದಲೇ ಮಾಡಬಹುದಾದ ಕೆಲಸ ಒಂದಿದೆ. ಯೋಜನಾ ವರದಿ, ಗುತ್ತಿಗೆ ಅಥವಾ ವೇತನ ಪತ್ರದಲ್ಲಿ ಯಾವುದೇ ಸರ್ಕಾರಿ ಸಂಖ್ಯೆಯನ್ನು ಬಳಸುವಾಗ ಅದರ ಪಕ್ಕದಲ್ಲಿಯೇ ಪ್ರದೇಶ, ಆಧಾರ ವರ್ಷ, ಅವಧಿ ಹಾಗೂ ಪ್ರಕಟಣೆಯ ದಿನಾಂಕ, ತಾತ್ಕಾಲಿಕ ಅಥವಾ ಅಂತಿಮ ಎಂಬ ನಾಲ್ಕನ್ನು ಬರೆದಿಡುವುದು. ರಸೀತಿಯಿಲ್ಲದ ಖರ್ಚನ್ನು ಲೆಕ್ಕ ತಪಾಸಣೆಯಲ್ಲಿ ಒಪ್ಪುವುದಿಲ್ಲ. ಈ ನಾಲ್ಕು ವಿವರಗಳಿಲ್ಲದ ಸಂಖ್ಯೆಯನ್ನೂ ವ್ಯವಹಾರದಲ್ಲಿ ಒಪ್ಪಬಾರದು.